ಹಳೆಯ ಕಾರಿನ ಪೆಟ್ರೋಲ್ ವಾಸನೆ: ‘ಎಲ್ಲಿಂದ’ ಎನ್ನುವ ಮೊದಲು ‘ಯಾವಾಗ’

ಹಳೆಯ ಕಾರಿನಲ್ಲಿ ಪೆಟ್ರೋಲ್ ವಾಸನೆ ಒಂದು ದಿನ ಬರುತ್ತದೆ, ಇನ್ನೊಂದು ದಿನ ಬರುವುದಿಲ್ಲ. ಸೋಮವಾರ ಬಾಗಿಲು ತೆಗೆದೊಡನೆ ಮೂಗಿಗೆ ಬಡಿದ ವಾಸನೆಯ ಸುಳಿವು ಮಂಗಳವಾರ ಇಲ್ಲ. ಶನಿವಾರ ಗ್ಯಾರೇಜಿಗೆ ಒಯ್ದು ನಿಲ್ಲಿಸಿದರೆ ಅಲ್ಲಿಯೂ ಇಲ್ಲ. ಮೆಕ್ಯಾನಿಕ್ ಬಾನೆಟ್ ಎತ್ತಿ, ಬಗ್ಗಿ ನೋಡಿ, ‘ಏನೂ ಕಾಣ್ತಾ ಇಲ್ಲ ಸಾರ್’ ಎನ್ನುತ್ತಾರೆ. ಅವರು ಹೇಳಿದ್ದು ಸುಳ್ಳಲ್ಲ. ಆಮೇಲೆ ಶುರುವಾಗುವುದು ಊಹೆಯ ರಿಪೇರಿ: ಮೊದಲು ಫಿಲ್ಟರ್, ಆಮೇಲೆ ಪಂಪು, ಅದೂ ಅಲ್ಲವಾದರೆ ಕಾರ್ಬೊರೇಟರ್ ಓವರ್‌ಹಾಲ್. ಮೂರು ಬಿಲ್ಲುಗಳಾದ ಮೇಲೂ ವಾಸನೆ ಹಾಗೆಯೇ ಇದ್ದರೆ ಮಾಲೀಕ ಅದನ್ನು ಕಾರಿನ ವಯಸ್ಸಿನ ಖಾತೆಗೆ ಬರೆದು ಸುಮ್ಮನಾಗುತ್ತಾನೆ. ಈ ಇಡೀ ದಾರಿ ತಪ್ಪು ಪ್ರಶ್ನೆಯಿಂದ ಹುಟ್ಟಿದ್ದು. ಎಲ್ಲರೂ ಕೇಳುವುದು ‘ಎಲ್ಲಿಂದ ಬರುತ್ತಿದೆ’ ಎಂದು. ಬಂದು ಹೋಗುವ ವಾಸನೆಗೆ ಮೊದಲು ಕೇಳಬೇಕಾದದ್ದು ‘ಯಾವಾಗ ಬರುತ್ತದೆ’ ಎಂದು. ಬಂದು ಹೋಗುವ ಗುಣ ಹುಡುಕಾಟಕ್ಕೆ ಅಡ್ಡಿ ಎಂದು ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ನಮ್ಮ ಕೈಯಲ್ಲಿರುವ ಅತಿ ಒಳ್ಳೆಯ ಸಾಕ್ಷಿ ಅದೇ.

ಕಾರಣ ಸರಳ. ಬಿರುಕು ಬಿಟ್ಟ ಪೈಪು ಇವತ್ತು ಬಿರುಕು ಬಿಟ್ಟು ನಾಳೆ ಕೂಡಿಕೊಳ್ಳುವುದಿಲ್ಲ. ತೂತು ಅಲ್ಲೇ ಇರುತ್ತದೆ, ಬದಲಾಗುವುದು ಅದರ ಸುತ್ತಲಿನ ಪರಿಸ್ಥಿತಿ. ಬದಲಾಗಬಲ್ಲ ಸಂಗತಿಗಳೂ ಹೆಚ್ಚಿಲ್ಲ: ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ, ಎಂಜಿನ್ ಮತ್ತು ಹೊರಗಿನ ಹವೆ ಎಷ್ಟು ಬಿಸಿ, ಪೈಪಿನೊಳಗೆ ಒತ್ತಡ ಇದೆಯೋ ಇಲ್ಲವೋ, ಗಾಳಿ ಯಾವ ಕಡೆಯಿಂದ ಒಳಗೆ ನುಗ್ಗುತ್ತಿದೆ. ಪೆಟ್ರೋಲಿನ ಸ್ವಭಾವವೂ ಇದಕ್ಕೆ ಜೊತೆಯಾಗುತ್ತದೆ. ಅದು ಒಂದೇ ದ್ರವವಲ್ಲ, ಹಲವು ಹೈಡ್ರೊಕಾರ್ಬನ್‌ಗಳ ಮಿಶ್ರಣ. ಅದರ ಹಗುರ ಅಂಶಗಳು 35–40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಕಲಬುರಗಿ, ರಾಯಚೂರುಗಳ ಏಪ್ರಿಲ್ ಮಧ್ಯಾಹ್ನಕ್ಕೆ ಅಷ್ಟು ಬಿಸಿ ದೊಡ್ಡದಲ್ಲ, ಬಾನೆಟ್ಟಿನ ಕೆಳಗಂತೂ ಯಾವ ಊರಿನಲ್ಲೂ ದೊಡ್ಡದಲ್ಲ. ಮಡಿಕೇರಿಯ ಜನವರಿ ಬೆಳಗಿನಲ್ಲಿ ತೆಪ್ಪಗಿರುವ ತೂತು ಇಂಥ ಬಿಸಿಯಲ್ಲಿ ಕಾರಿನ ತುಂಬ ವಾಸನೆ ಎಬ್ಬಿಸಬಹುದು. ಇದಕ್ಕೆ ತದ್ವಿರುದ್ಧವಾಗಿ, ಚಳಿಯಲ್ಲಿ ಮಾತ್ರ ಸೋರಿ ಬಿಸಿಯಾದೊಡನೆ ನಿಲ್ಲುವ ಜಾಗಗಳೂ ಇವೆ. ಅದಕ್ಕೆ ಮುಂದೆ ಬರುತ್ತೇನೆ.

‘ಲೀಕಾಗಿದ್ದರೆ ಕೆಳಗೆ ತೊಟ್ಟಿಕ್ಕಬೇಕಿತ್ತಲ್ಲ, ನೆಲದಲ್ಲಿ ಕಲೆಯೇ ಇಲ್ಲ’ ಎಂಬುದು ಇಲ್ಲಿ ಮೊದಲು ಎದುರಾಗುವ ಆಕ್ಷೇಪ. ಎಂಜಿನ್ ಆಯಿಲ್ ಆಗಿದ್ದರೆ ಈ ಮಾತು ಸರಿ. ಪೆಟ್ರೋಲ್ ನಿಧಾನವಾಗಿ ಜಿನುಗುವಾಗ ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ, ಅದರಲ್ಲೂ ಬಿಸಿ ಎಂಜಿನ್ನಿನ ಮೇಲೆ. ಆದರೆ ಗುರುತು ಬಿಡದೆ ಹೋಗುವುದಿಲ್ಲ. ನಮ್ಮ ರಸ್ತೆಯ ಧೂಳು ಇಲ್ಲಿ ಉಪಕಾರಕ್ಕೆ ಬರುತ್ತದೆ. ಹಳೆಯ ಕಾರಿನ ಪೈಪು, ಪಂಪು, ಟ್ಯಾಂಕಿನ ಮೇಲೆಲ್ಲ ಧೂಳಿನ ಪದರ ಸಮವಾಗಿ ಕೂತಿರುತ್ತದೆ. ಅದರ ನಡುವೆ ಒಂದು ಕಡೆ ಮಾತ್ರ ತೊಳೆದಂತೆ ಸ್ವಚ್ಛವಾಗಿದ್ದರೆ, ಇಲ್ಲವೇ ಧೂಳು ಕಪ್ಪಾಗಿ ಅಂಟಿಕೊಂಡಿದ್ದರೆ, ಇಲ್ಲವೇ ಹಳದಿ-ಕಂದು ಬಣ್ಣದ ಒಣ ಕಲೆ ಇಳಿದಿದ್ದರೆ ಅಲ್ಲಿ ಪೆಟ್ರೋಲ್ ಹರಿದಿದೆ ಎಂದು ತಿಳಿಯಬೇಕು. ಈ ಕಾರಣಕ್ಕೇ ವಾಸನೆ ಹುಡುಕಲು ಹೊರಡುವ ಮುನ್ನ ಎಂಜಿನ್ ವಾಷ್ ಮಾಡಿಸಬಾರದು. ಹಾಗೆ ಮಾಡಿಸಿದರೆ ಇದ್ದ ಪುರಾವೆಯನ್ನು ದುಡ್ಡು ಕೊಟ್ಟು ಅಳಿಸಿದಂತಾಗುತ್ತದೆ.

ಹಾಗಾಗಿ ಸ್ಪ್ಯಾನರಿಗಿಂತ ಮೊದಲು ಬೇಕಾದದ್ದು ಒಂದು ಚಿಕ್ಕ ನೋಟ್‌ಬುಕ್. ಎರಡು ವಾರ, ವಾಸನೆ ಬಂದ ಪ್ರತಿ ಸಲವೂ ಇಷ್ಟು ಬರೆಯಿರಿ: ಪೆಟ್ರೋಲ್ ಮುಳ್ಳು ಎಲ್ಲಿತ್ತು, ಬಂಕಿಗೆ ಹೋಗಿ ಎಷ್ಟು ಹೊತ್ತಾಗಿತ್ತು, ಎಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ, ಕಾರು ನಿಂತಿತ್ತೋ ಓಡುತ್ತಿತ್ತೋ, ಬ್ಲೋವರ್ ಹಾಕಿತ್ತೋ, ಯಾವ ಕಿಟಕಿ ತೆರೆದಿತ್ತು, ಬಿಸಿಲಲ್ಲಿ ನಿಲ್ಲಿಸಿದ್ದಿರೋ ನೆರಳಲ್ಲೋ. ವಾಸನೆ ಬಾರದ ದಿನಗಳನ್ನೂ ಬರೆಯಬೇಕು. ಆ ಸಾಲುಗಳಿಲ್ಲದೆ ಹೋಲಿಸಲು ಏನೂ ಇರುವುದಿಲ್ಲ. ಇನ್ನೊಂದು ಎಚ್ಚರ, ಮೂಗು ಬೇಗ ಒಗ್ಗಿಹೋಗುತ್ತದೆ. ಹತ್ತು ನಿಮಿಷ ಒಳಗೆ ಕೂತವರಿಗೆ ವಾಸನೆ ಹೋಯಿತು ಎನಿಸಿದರೂ ಅದು ಹೋಗಿರಲಿಕ್ಕಿಲ್ಲ. ಆಗ ತಾನೆ ಹೊರಗಿನಿಂದ ಬಂದವರ ಮಾತನ್ನು ನಂಬಿ.

ಈ ಟಿಪ್ಪಣಿಯಲ್ಲಿ ವಾಸನೆ ಪೆಟ್ರೋಲ್ ತುಂಬಿಸಿದ ದಿನಗಳಿಗೆ ಅಂಟಿಕೊಂಡಿದ್ದರೆ, ಟ್ಯಾಂಕು ಅರ್ಧಕ್ಕಿಳಿದ ಮೇಲೆ ಇಲ್ಲವಾದರೆ, ಎಂಜಿನ್ ಕಡೆ ನೋಡುವುದೇ ಬೇಡ. ತಪ್ಪು ಟ್ಯಾಂಕಿನ ಮೇಲ್ಭಾಗದಲ್ಲಿದೆ. ಮುಚ್ಚಳದ ರಬ್ಬರ್, ಪೆಟ್ರೋಲ್ ಸುರಿಯುವ ಕೊಳವೆಗೂ ಟ್ಯಾಂಕಿಗೂ ನಡುವಿನ ದಪ್ಪ ಹೋಸ್, ಅದರ ಪಕ್ಕದ ಸಣ್ಣ ಗಾಳಿ ಪೈಪು, ಮುಳ್ಳಿಗೆ ಲೆಕ್ಕ ಕೊಡುವ ಗೇಜ್ ಯೂನಿಟ್ಟಿನ ಗ್ಯಾಸ್ಕೆಟ್ — ಇವೆಲ್ಲ ಟ್ಯಾಂಕು ಅರ್ಧವಿದ್ದಾಗ ಬರೀ ಆವಿಯನ್ನು ನೋಡುತ್ತವೆ, ತುಂಬಿದಾಗ ದ್ರವವನ್ನೇ ತಡೆಯಬೇಕಾಗುತ್ತದೆ. ತಿರುವಿನಲ್ಲಿ, ಬ್ರೇಕ್ ಹಿಡಿದಾಗ, ಘಾಟಿ ಏರುವಾಗ ವಾಸನೆ ಹೆಚ್ಚಿದರೆ ಅನುಮಾನ ಇನ್ನೂ ಗಟ್ಟಿ, ಏಕೆಂದರೆ ಒಳಗಿನ ಪೆಟ್ರೋಲ್ ಆ ಕಡೆಗೆ ವಾಲಿ ಗ್ಯಾಸ್ಕೆಟ್ಟಿಗೆ ಅಪ್ಪಳಿಸುತ್ತದೆ. ಬಂಕಿನಲ್ಲಿ ನಾವು ಮಾಡುವ ಒಂದು ಕೆಲಸವೂ ಇದಕ್ಕೆ ಸೇರುತ್ತದೆ. ನಾಜಲ್ ತಾನಾಗಿ ಕಟ್ ಆದ ಮೇಲೂ ‘ರೌಂಡ್ ಫಿಗರ್’ ಮಾಡಲು ಇನ್ನಷ್ಟು ಸುರಿಸುವುದು. ಪೆಟ್ರೋಲ್ ಪ್ರತಿ ಡಿಗ್ರಿಗೆ ಸುಮಾರು ಸಾವಿರಕ್ಕೆ ಒಂದು ಭಾಗ ಹಿಗ್ಗುತ್ತದೆ. ಮಾರುತಿ 800ರ 28 ಲೀಟರ್ ಟ್ಯಾಂಕನ್ನು ನೆಲದಡಿಯ ತಂಪು ಪೆಟ್ರೋಲಿನಿಂದ ಕುತ್ತಿಗೆವರೆಗೆ ತುಂಬಿಸಿ ಬಿಸಿಲಲ್ಲಿ ನಿಲ್ಲಿಸಿ, ಅದು 15 ಡಿಗ್ರಿ ಕಾದರೆ ಸುಮಾರು 400 ಮಿಲಿಲೀಟರ್ ಹೆಚ್ಚಾಗುತ್ತದೆ. ಹಿಗ್ಗಲೆಂದು ಬಿಟ್ಟ ಜಾಗವನ್ನು ನಾವೇ ತುಂಬಿಸಿದ್ದರೆ ಅದು ಗಾಳಿ ಪೈಪಿಗೋ ಮುಚ್ಚಳದ ಅಂಚಿಗೋ ನುಗ್ಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕು ತುಂಬಿಸಿದರೆ ಕಾರು ಸಿಡಿಯುತ್ತದೆಂದು ವರ್ಷ ವರ್ಷ ಹರಿದಾಡುವ ಸಂದೇಶ ಸುಳ್ಳು. ತಯಾರಕರು ಹೇಳಿದ ಮಟ್ಟಕ್ಕೆ ತುಂಬಿಸುವುದರಲ್ಲಿ ಅಪಾಯವಿಲ್ಲ. ತೊಂದರೆ ಇರುವುದು ಆ ಮಟ್ಟ ದಾಟಿದ ಕೊನೆಯ ಲೀಟರಿನಲ್ಲಿ. ಪರೀಕ್ಷೆಯೂ ಖರ್ಚಿಲ್ಲದ್ದು: ಮುಂದಿನ ಎರಡು ಸಲ ಮೊದಲ ಕಟ್‌ಗೇ ನಿಲ್ಲಿಸಿ ನೋಡಿ, ಆಮೇಲಿನ ಎರಡು ಸಲ ಅರ್ಧ ಟ್ಯಾಂಕು ಮಾತ್ರ ಹಾಕಿಸಿ ನೋಡಿ.

ವಾಸನೆ ಹತ್ತುವುದು ಓಡಿಸಿ ಬಂದು ನಿಲ್ಲಿಸಿದ ಹತ್ತು-ಇಪ್ಪತ್ತು ನಿಮಿಷಗಳಲ್ಲಿ ಎಂದಾದರೆ ಎಂಜಿನ್ನಿನ ಕಡೆ ಬರಬೇಕು, ಮತ್ತು ಇಲ್ಲಿ ಕಾರಿನ ತಲೆಮಾರು ಮುಖ್ಯವಾಗುತ್ತದೆ. 1983ರಲ್ಲಿ ಬಂದ ಮಾರುತಿ 800 ಮತ್ತು ಅದರ ಕಾಲದ ಕಾರುಗಳು ಕಾರ್ಬೊರೇಟರಿನವು. 2000ದ ಸುಮಾರಿಗೆ ಎಂಪಿಎಫ್‌ಐ ಎಂಬ ಇಂಜೆಕ್ಟರ್ ವ್ಯವಸ್ಥೆ ಅವುಗಳ ಜಾಗಕ್ಕೆ ಬಂತು. ಕಾರ್ಬೊರೇಟರಿನಲ್ಲಿ ಒಂದು ಪುಟ್ಟ ಬಟ್ಟಲಿದೆ, ಅದರಲ್ಲಿ ಸದಾ ಒಂದಿಷ್ಟು ಪೆಟ್ರೋಲ್ ನಿಂತಿರುತ್ತದೆ, ಮಟ್ಟ ಕಾಯಲು ತೇಲುಬುರುಡೆ ಮತ್ತು ಸೂಜಿ ವಾಲ್ವ್. ಎಂಜಿನ್ ನಿಲ್ಲಿಸಿದೊಡನೆ ಫ್ಯಾನಿನ ಗಾಳಿ, ಓಟದ ಗಾಳಿ ಎರಡೂ ನಿಂತು ಬಾನೆಟ್ಟಿನಡಿಯ ಬಿಸಿ ಕೆಲ ನಿಮಿಷ ಏರುತ್ತಲೇ ಹೋಗುತ್ತದೆ, ಬಟ್ಟಲಿನ ಪೆಟ್ರೋಲ್ ಆವಿಯಾಗುತ್ತದೆ. ಬೇಸಿಗೆಯಲ್ಲಿ ಕಾರ್ಬೊರೇಟರ್ ಕಾರು ಹೀಗೆ ಸ್ವಲ್ಪ ವಾಸನೆ ಬಿಡುವುದು ಅದರ ರಚನೆಯಲ್ಲೇ ಇದೆ. ‘ಹಳೇ ಕಾರು ಅಂದ್ರೆ ವಾಸನೆ ಇದ್ದದ್ದೇ’ ಎನ್ನುವವರ ಮಾತಿನಲ್ಲಿರುವ ಸತ್ಯ ಇಷ್ಟು ಮಾತ್ರ. ಈ ಸಹಜ ವಾಸನೆಯ ಗಡಿ ಎಲ್ಲಿ ಮುಗಿಯುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ: ಕಾರ್ಬೊರೇಟರಿನ ಹೊರಮೈ ಒದ್ದೆಯಾಗಿದ್ದರೆ, ಗ್ಯಾಸ್ಕೆಟ್ ಅಂಚಿನಲ್ಲಿ ತೇವವಿದ್ದರೆ, ಬಿಸಿ ಎಂಜಿನ್ ಮತ್ತೆ ಹಿಡಿಯಲು ತಕರಾರು ಮಾಡಿ ಕಪ್ಪು ಹೊಗೆ ಉಗುಳಿದರೆ ಅದು ಸಹಜ ಆವಿಯಲ್ಲ. ಹೆಚ್ಚಾಗಿ ಸೂಜಿ ವಾಲ್ವಿಗೆ ಕಸ ಸಿಕ್ಕಿ ಬಟ್ಟಲು ಉಕ್ಕುತ್ತಿರುತ್ತದೆ. ಕಸ ಒಮ್ಮೆ ಸಿಕ್ಕು ಒಮ್ಮೆ ಬಿಡುವುದರಿಂದ ಈ ತೊಂದರೆಯೂ ಬಂದು ಹೋಗುತ್ತದೆ. ಕಾರ್ಬೊರೇಟರ್ ಬಿಚ್ಚಿ ತೊಳೆದರೂ ಟ್ಯಾಂಕಿನ ತುಕ್ಕು ಮತ್ತು ಹಳೆಯ ಫಿಲ್ಟರ್ ಹಾಗೇ ಉಳಿದರೆ ತಿಂಗಳಲ್ಲಿ ಮರುಕಳಿಸುತ್ತದೆ.

ಇದೇ ಕಾರುಗಳಲ್ಲಿ ಎಂಜಿನ್ನಿಗೆ ಅಂಟಿಕೊಂಡ ಮೆಕ್ಯಾನಿಕಲ್ ಪಂಪು ಇದೆ, ಅದರೊಳಗೊಂದು ರಬ್ಬರ್ ಪೊರೆ. ಪೊರೆ ಹರಿದರೆ ಪೆಟ್ರೋಲ್ ಹೊರಗೆ ಬರುವುದು ಒಂದು ಸಾಧ್ಯತೆ. ಇನ್ನೊಂದು, ಯಾರಿಗೂ ಕಾಣದಂತೆ ಎಂಜಿನ್ ಆಯಿಲಿಗೆ ಸೇರುವುದು. ವಾಸನೆಯ ದೂರು ಬಂದ ಕಾರಿನಲ್ಲಿ ಡಿಪ್‌ಸ್ಟಿಕ್ ಎಳೆದು ಮೂಸದೆ ಬೇರೆ ಏನನ್ನೂ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆಯಿಲ್ ಮಟ್ಟ ತಾನಾಗಿ ಏರಿದ್ದರೆ, ನೀರಾಗಿದ್ದರೆ, ಪೆಟ್ರೋಲ್ ವಾಸನೆ ಹೊಡೆದರೆ ಕಾರನ್ನು ಅಲ್ಲಿಗೇ ನಿಲ್ಲಿಸಿ. ತೆಳುವಾದ ಆಯಿಲಿನಲ್ಲಿ ಬೇರಿಂಗುಗಳು ಸವೆಯುತ್ತವೆ. ಒಂದು ಪಂಪಿನ ಖರ್ಚು ಪೂರ್ತಿ ಎಂಜಿನ್ ಕೆಲಸವಾಗುವುದು ಹೀಗೆ.

ಈಗ ಚಳಿಯ ಸೋರಿಕೆ. ಬೆಳಗಿನ ಮೊದಲ ಸ್ಟಾರ್ಟಿಗೆ ವಾಸನೆ ಬಂದು, ಎಂಜಿನ್ ಬಿಸಿಯಾದ ಮೇಲೆ ಪೂರ್ತಿ ಇಲ್ಲವಾಗುವುದು ಇದರ ಗುರುತು. ವರ್ಷಗಳಿಂದ ಬಿಸಿ ತಿಂದು ಗಟ್ಟಿಯಾದ ರಬ್ಬರ್ ತಣ್ಣಗಾದಾಗ ಕುಗ್ಗುತ್ತದೆ, ಕ್ಲಾಂಪಿನ ಹಿಡಿತ ಸಡಿಲುತ್ತದೆ. ಬಿಸಿಯಾದಂತೆ ಮತ್ತೆ ಹಿಗ್ಗಿ ಕೂಡಿಕೊಳ್ಳುತ್ತದೆ. ಎಂಪಿಎಫ್‌ಐ ಕಾರಿನಲ್ಲಿ ಇದನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಕಾರ್ಬೊರೇಟರ್ ಕಾರಿನ ಪೈಪಿನಲ್ಲಿ ಒತ್ತಡ ಅರ್ಧ ಬಾರ್ ಕೂಡ ಇರುವುದಿಲ್ಲ, ಇಲ್ಲಿ ಎರಡೂವರೆಯಿಂದ ಮೂರು ಬಾರ್ ಇರುತ್ತದೆ, ಅಂದರೆ ಸಣ್ಣ ಸೀಳಿನಿಂದಲೂ ಸಿಂಪಡಿಸಿದಂತೆ ಚಿಮ್ಮಬಲ್ಲದು. ಇಂಜೆಕ್ಟರುಗಳ ಓ-ರಿಂಗು, ಅವುಗಳಿಗೆ ಪೆಟ್ರೋಲ್ ಹಂಚುವ ಫ್ಯೂಯೆಲ್ ರೈಲಿಗೆ ಬರುವ ಹೋಸಿನ ತುದಿ ಇವನ್ನು ನೋಡಬೇಕಾದದ್ದು ತಣ್ಣಗಿನ ಎಂಜಿನ್ ಶುರುವಾದ ಮೊದಲ ನಿಮಿಷದಲ್ಲಿ. ಗ್ಯಾರೇಜಿಗೆ ಓಡಿಸಿಕೊಂಡು ಹೋಗುವಷ್ಟರಲ್ಲಿ ಸೋರಿಕೆ ಮುಚ್ಚಿಕೊಂಡಿರುತ್ತದೆ. ಮೆಕ್ಯಾನಿಕ್ಕಿಗೆ ಏನೂ ಕಾಣದಿರುವುದಕ್ಕೆ ಅರ್ಧ ಕಾರಣ ಇದೇ. ಹಿಂದಿನ ರಾತ್ರಿಯೇ ಕಾರನ್ನು ಅಲ್ಲಿ ಬಿಟ್ಟು, ಬೆಳಿಗ್ಗೆ ಅವರ ಕೈಯಲ್ಲೇ ಮೊದಲ ಸ್ಟಾರ್ಟ್ ಮಾಡಿಸಿ. ಹಳೆಯ ಎಂಪಿಎಫ್‌ಐಗಳಲ್ಲಿ ರೈಲಿನ ಮೇಲೆ ಕೂತ ಪ್ರೆಶರ್ ರೆಗ್ಯುಲೇಟರ್ ಇದ್ದರೆ ಅದಕ್ಕೆ ಹೋಗುವ ತೆಳು ವ್ಯಾಕ್ಯೂಮ್ ಪೈಪನ್ನೂ ಬಿಚ್ಚಿ ನೋಡಲಿ. ಒಳಗೆ ಪೆಟ್ರೋಲಿನ ಹಸಿ ಇದ್ದರೆ ರೆಗ್ಯುಲೇಟರಿನ ಪೊರೆ ಹರಿದಿದೆ, ಬೇರೆ ಪರೀಕ್ಷೆ ಬೇಕಿಲ್ಲ.

ಓಡುವಾಗ ಬರುವ ವಾಸನೆಯ ದಿಕ್ಕನ್ನು ಬ್ಲೋವರ್ ಹೇಳುತ್ತದೆ. ಹೊರಗಿನ ಗಾಳಿ ಒಳಬರುವ ಬಾಯಿ ಮುಂದಿನ ಗಾಜಿನ ಬುಡದಲ್ಲಿ, ಬಾನೆಟ್ಟಿನ ಹಿಂದಿನ ಅಂಚಿಗೆ ಹತ್ತಿರ ಇರುತ್ತದೆ. ಲಿವರನ್ನು ಹೊರಗಿನ ಗಾಳಿಗೆ ಇಟ್ಟಾಗ ವಾಸನೆ ಬಂದು, ಒಳಗಿನ ಗಾಳಿಗೇ ತಿರುಗಿಸಿದಾಗ ನಿಂತರೆ ಮೂಲ ಎಂಜಿನ್ ಕಡೆ. ಇದಕ್ಕೆ ವಿರುದ್ಧವಾಗಿ ಹಿಂದಿನ ಸೀಟಿನವರಿಗೇ ಹೆಚ್ಚು ಬಂದರೆ ಟ್ಯಾಂಕು, ಅದರ ಪೈಪು, ಡಿಕ್ಕಿಯ ರಬ್ಬರ್ ನೋಡಿ. ಓಡುವ ಕಾರಿನ ಹಿಂದೆ ಗಾಳಿ ಸುಳಿಯಾಗುವುದರಿಂದ ಡಿಕ್ಕಿಯ ಬೀಡಿಂಗ್ ಹರಿದಿದ್ದರೆ ಸೈಲೆನ್ಸರಿನ ಹೊಗೆಯೂ ಒಳಗೆ ಬರಬಹುದು. ಅದು ಹಸಿ ಪೆಟ್ರೋಲಿನ ವಾಸನೆಯಲ್ಲ, ಅರೆಬೆಂದ ಘಾಟು. ಚೋಕ್ ಪೂರ್ತಿ ಬಿಡದಿದ್ದಾಗ ಬರುವಂಥದ್ದು. ಅದರ ಜೊತೆಗೇ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಕೂಡ ಬರುತ್ತದೆಂಬುದನ್ನು ನೆನಪಿಡಿ. ಗ್ಯಾಸ್ ಕಿಟ್ ಹಾಕಿಸಿದ ಕಾರ್ಬೊರೇಟರ್ ಕಾರುಗಳಲ್ಲಿ ಪೆಟ್ರೋಲ್ ಪೈಪನ್ನು ನಡುವೆ ಕತ್ತರಿಸಿ ಸೊಲೆನಾಯ್ಡ್ ವಾಲ್ವ್ ಕೂರಿಸಿರುತ್ತಾರೆ. ಆ ಎರಡು ಹೆಚ್ಚುವರಿ ಜೋಡಣೆಗಳನ್ನು ಎಲ್ಲಕ್ಕಿಂತ ಮೊದಲು ನೋಡಿ.

ನಾಲ್ಕೈದು ದಿನ ನಿಂತ ಕಾರಿನ ಹತ್ತಿರ ಹೋದಾಗ ವಾಸನೆ ಬಂದು, ಒಂದು ದೂರದ ಓಟದ ನಂತರ ಕಡಿಮೆಯಾದರೆ ಇದ್ದಿಲ ಡಬ್ಬಿಯನ್ನು ಸಂಶಯಿಸಬೇಕು. ಟ್ಯಾಂಕಿನ ಆವಿ ಬಯಲಿಗೆ ಹೋಗದಂತೆ ಹೀರಿಟ್ಟು, ಎಂಜಿನ್ ಓಡುವಾಗ ಅದಕ್ಕೇ ಉಣಿಸುವ ಕ್ಯಾನಿಸ್ಟರ್ ಇದು. ಮನೆಯಿಂದ ಮಾರ್ಕೆಟ್ಟಿಗೆ, ಮಾರ್ಕೆಟ್ಟಿನಿಂದ ಮನೆಗೆ ಎಂಬ ಗಿಡ್ಡ ಓಡಾಟದಲ್ಲಿ ಡಬ್ಬಿ ಖಾಲಿಯಾಗಲು ಪುರಸೊತ್ತೇ ಸಿಗುವುದಿಲ್ಲ. ಹಳೆಯ ಕಾರುಗಳಲ್ಲಿ ಇದರ ಪೈಪನ್ನು ‘ಬೇಡದ ಪೈಪು’ ಎಂದು ಯಾರೋ ಕಿತ್ತು ಬಿಟ್ಟಿರುವುದೂ ಉಂಟು. ನಿಂತ ಕಾರಿಗೆ ಇನ್ನೊಂದು ಶತ್ರು ಇಲಿ. ಮಲೆನಾಡಿನ ಅಡಿಕೆ ಮನೆಯ ಕೊಟ್ಟಿಗೆಯಾಗಲಿ, ಬೆಂಗಳೂರಿನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಾಗಲಿ, ಇಲಿ ಕಡಿದ ಹೋಸಿನ ಅಂಚಿನಲ್ಲಿ ಹಲ್ಲಿನ ಗುರುತು ಸ್ಪಷ್ಟವಾಗಿರುತ್ತದೆ. ಕಾರವಾರ, ಉಡುಪಿ, ಮಂಗಳೂರಿನ ಉಪ್ಪುಗಾಳಿಯ ಕಾರುಗಳಲ್ಲಾದರೆ ತಳದ ಲೋಹದ ಪೈಪು ಕ್ಲಿಪ್ಪಿಗೆ ತಾಗುವ ಕಡೆ ತುಕ್ಕು ಹಿಡಿದಿದೆಯೇ ಎಂದು ನೋಡಬೇಕು.

‘ಇದೆಲ್ಲ ಎಥನಾಲ್ ಕೆಲಸ’ ಎಂಬ ಮಾತು ಈಗ ಎಲ್ಲ ಗ್ಯಾರೇಜಿನಲ್ಲೂ ಕೇಳುತ್ತದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಪಡೆದ ಶೇ. 20 ಎಥನಾಲ್ ಮಿಶ್ರಣ ಈಗ ಎಲ್ಲ ಕಡೆ ಸಿಗುವ ಮಾಮೂಲಿ ಪೆಟ್ರೋಲ್. ಅದಕ್ಕಾಗಿ ತಯಾರಾಗದ ಹಳೆಯ ರಬ್ಬರ್ ಎಥನಾಲಿಗೆ ಉಬ್ಬುತ್ತದೆ, ಒಣಗಿದಾಗ ಸೀಳುತ್ತದೆ. ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿ.ಮೀ. ಬಳಕೆಯ ನಂತರ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿದೆ. ಹಾಗಾಗಿ ಆಕ್ಷೇಪದಲ್ಲಿ ಹುರುಳಿದೆ. ಆದರೆ ಎಥನಾಲ್ ಒಂದು ಕಾರಣವೇ ಹೊರತು ವಿಳಾಸವಲ್ಲ. ಅದು ಇಪ್ಪತ್ತು ಜೋಡಣೆಗಳನ್ನು ಒಟ್ಟಿಗೆ ಹಳತಾಗಿಸುತ್ತದೆ, ಸೋರುವುದು ಮಾತ್ರ ಅವುಗಳಲ್ಲಿ ಒಂದೋ ಎರಡೋ. ಆ ಒಂದನ್ನು ಹುಡುಕುವ ದಾರಿ ಮೊದಲಿನದೇ.

ಪತ್ತೆಯ ಕೆಲಸ ಬಯಲಿನಲ್ಲಿ, ತಣ್ಣಗಿನ ಎಂಜಿನ್ನಿನ ಮೇಲೆ, ಎಲ್‌ಇಡಿ ಟಾರ್ಚಿನಿಂದ ನಡೆಯಲಿ. ಬಿದ್ದರೆ ಒಡೆಯುವ ತಂತಿ ಬಲ್ಬು, ಬೆಂಕಿಕಡ್ಡಿ, ಸಿಗರೇಟು ಹತ್ತಿರ ಬರಬಾರದು. ಪೆಟ್ರೋಲ್ ಆವಿ ಗಾಳಿಗಿಂತ ಮೂರು ಪಟ್ಟು ಭಾರ, ಗ್ಯಾರೇಜಿನ ಗುಂಡಿಯಲ್ಲೋ ಬೇಸ್‌ಮೆಂಟಿನ ನೆಲದಲ್ಲೋ ಹರಡಿ ನಿಲ್ಲುತ್ತದೆ. ಸೋರುವ ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ ಕೆಳಗಿಳಿಯುವುದು ಅಪಾಯ. ಅನುಮಾನದ ಒಂದೊಂದು ಜೋಡಣೆಗೂ ಬಿಳಿ ಟಿಶ್ಯೂ ಒತ್ತಿ ಮೂಸಿ. ತೇವ ತೀರಾ ಸಣ್ಣದಾದರೆ ಎಂಜಿನ್ ನಿಲ್ಲಿಸಿ ತಣಿದ ಮೇಲೆ ಟಾಲ್ಕಂ ಪೌಡರ್ ಉದುರಿಸಿದರೆ ಒದ್ದೆಯ ಗೆರೆ ಎದ್ದು ಕಾಣುತ್ತದೆ. ‘ಎಮಿಶನ್ ಟೆಸ್ಟ್ ಪಾಸಾಗಿದೆಯಲ್ಲ’ ಎಂದು ಸಮಾಧಾನ ಪಡುವಂತಿಲ್ಲ, ಆ ಪರೀಕ್ಷೆ ಅಳೆಯುವುದು ಸೈಲೆನ್ಸರಿನ ತುದಿಯ ಹೊಗೆಯನ್ನು ಮಾತ್ರ.

ಇನ್ನು ಹೆಚ್ಚು ಗಟ್ಟಿಯಾದ ಆಕ್ಷೇಪವೊಂದಿದೆ. ಆವಿಗೆ ಬೆಂಕಿ ಹೊತ್ತಲು ಗಾಳಿಯಲ್ಲಿ ಅದು ಸುಮಾರು ಶೇ. 1.4 ಇರಬೇಕು, ಮೂಗು ಹತ್ತು ಲಕ್ಷದಲ್ಲಿ ಒಂದೆರಡು ಭಾಗವಿದ್ದರೂ ಹಿಡಿಯುತ್ತದೆ. ಹಾಗಿದ್ದರೆ ಬರೀ ವಾಸನೆಗೆ ಇಷ್ಟು ಹೆದರಬೇಕೇ? ಮೂಗಿನ ಹತ್ತಿರದ ಲೆಕ್ಕ ಹೌದು, ಸಣ್ಣದು. ಆದರೆ ಒದ್ದೆಯಾದ ಹೋಸಿನ ಹತ್ತಿರದ ಲೆಕ್ಕ ಬೇರೆ. ಆ ಹೋಸಿನ ಪಕ್ಕದಲ್ಲೇ ಕಿಡಿ ಹಾರಿಸುವ ಡಿಸ್ಟ್ರಿಬ್ಯೂಟರ್, ಕಾದ ಎಕ್ಸಾಸ್ಟ್ ಪೈಪು ಇವೆ. ಬೆಂಕಿಯ ಮಾತು ಬಿಟ್ಟರೂ ಪೆಟ್ರೋಲಿನಲ್ಲಿ ಬೆಂಜೀನ್ ಇದೆ, ಕ್ಯಾನ್ಸರಿಗೆ ಕಾರಣವೆಂದು ಖಚಿತವಾದ ವಸ್ತು. ಹಿಂದಿನ ಸೀಟಿನಲ್ಲಿ ದಿನವೂ ಮಕ್ಕಳು ಕೂರುವ ಕಾರಿನಲ್ಲಿ ಅದನ್ನು ಕಾರ್ ಪರ್ಫ್ಯೂಮಿನಿಂದ ಮುಚ್ಚುವುದು ಸರಿಯಲ್ಲ. ಓಡುವಾಗ ವಾಸನೆ ಒಮ್ಮೆಲೇ ದಟ್ಟವಾದರೆ ಬದಿಗೆ ನಿಲ್ಲಿಸಿ, ಇಗ್ನಿಶನ್ ಆರಿಸಿ, ಎಲ್ಲರೂ ಇಳಿದು ದೂರ ಹೋಗಿ. ಮತ್ತೆ ಸ್ಟಾರ್ಟ್ ಮಾಡಿ ನೋಡುವುದು ಬೇಡ.

ಸೋರುವ ಟ್ಯಾಂಕಿಗೆ ಸ್ನಾನದ ಸೋಪು ಮೆತ್ತುವ ಉಪಾಯ ಬಹಳ ಕಾಲದ್ದು, ತಾತ್ಕಾಲಿಕವಾಗಿ ತಡೆಯುತ್ತದೆ ಕೂಡ. ಅದು ಗ್ಯಾರೇಜ್ ತಲುಪಲು ಮಾತ್ರ. ಹೋಸ್ ಬದಲಿಸುವಾಗ ಪೆಟ್ರೋಲಿಗೆಂದೇ ತಯಾರಾದದ್ದನ್ನು, ಎಥನಾಲ್ ತಡೆಯುವಂಥದ್ದನ್ನು ಕೇಳಿ ಪಡೆಯಿರಿ. ಎಂಪಿಎಫ್‌ಐಗೆ ಹೆಚ್ಚಿನ ಒತ್ತಡ ತಾಳುವ ಹೋಸೇ ಬೇಕು. ನೀರಿನ ಪೈಪು, ಪಾರದರ್ಶಕ ಪ್ಲಾಸ್ಟಿಕ್ ನಳಿಕೆ ಕೆಲವೇ ತಿಂಗಳಲ್ಲಿ ಕಟ್ಟಿಗೆಯಂತಾಗುತ್ತವೆ. ಕ್ಲಾಂಪನ್ನು ಮಿತಿ ಮೀರಿ ಬಿಗಿದರೆ ಹೊಸ ರಬ್ಬರನ್ನೇ ಕತ್ತರಿಸುತ್ತದೆ. ಕೆಲಸ ಮುಗಿದ ಮೇಲೆ, ವಾಸನೆ ಬರುತ್ತಿದ್ದ ಪರಿಸ್ಥಿತಿಯನ್ನೇ ಬೇಕೆಂದು ಮರಳಿ ತನ್ನಿ: ಟ್ಯಾಂಕು ತುಂಬಿಸಿದಾಗ ಬರುತ್ತಿದ್ದರೆ ಮೊದಲ ಕಟ್‌ವರೆಗೆ ತುಂಬಿಸಿ ಬಿಸಿಲಲ್ಲಿ ನಿಲ್ಲಿಸಿ, ಬೆಳಗಿನ ಚಳಿಯಲ್ಲಿ ಬರುತ್ತಿದ್ದರೆ ರಾತ್ರಿಯಿಡೀ ಹೊರಗೆ ಬಿಟ್ಟು ಮುಂಜಾನೆ ಬಾನೆಟ್ ತೆರೆದು ಸ್ಟಾರ್ಟ್ ಮಾಡಿ. ನೋಟ್‌ಬುಕ್ಕಿನಲ್ಲಿ ಇನ್ನೂ ಎರಡು ವಾರ ಬರೆಯುತ್ತಿರಿ. ಆ ಸಾಲುಗಳೆಲ್ಲ ‘ಇಲ್ಲ’ ಎಂದಾದ ಮೇಲೆ ಎಂಜಿನ್ ವಾಷ್ ಮಾಡಿಸಬಹುದು.